ಹಿತ್ತಲ ನೀರಿನಲ್ಲಿ ನೈಟ್ರೇಟ್: ಹಳೆ ಬೆಂಗಳೂರಿನ ಬೋರ್‌ವೆಲ್ ಪರೀಕ್ಷಿಸುವ ಬಗೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಬೀದಿಗಳಲ್ಲಿ ಎರಡು ಸಾಲು ಮನೆಗಳ ಬೆನ್ನು ಕೂಡುವಲ್ಲಿ ಒಂದು ಕಿರುಓಣಿ ಇರುತ್ತದೆ. ಅದನ್ನು ಇಂದಿಗೂ ಕನ್ಸರ್ವೆನ್ಸಿ ಎಂದೇ ಕರೆಯುತ್ತಾರೆ. ಈಗ ಅಲ್ಲಿ ಸ್ಕೂಟರ್‌ಗಳು ನಿಲ್ಲುತ್ತವೆ. ಕೆಲವೆಡೆ ಗೋಡೆ ಎದ್ದು ಓಣಿಯೇ ಮನೆಯೊಳಗೆ ಸೇರಿಹೋಗಿದೆ. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಾಗ, 1898ರ ಪ್ಲೇಗಿನ ನಂತರ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದಾಗ ಈ ಓಣಿಗೆ ಇದ್ದದ್ದು ಮುಖ್ಯವಾಗಿ ಒಂದೇ ಕೆಲಸ. ಹಿತ್ತಲ ಕೊನೆಯ ಕಕ್ಕಸಿನಿಂದ ಮಲ ಹೊತ್ತೊಯ್ಯುವವರು ಬಂದುಹೋಗಲು ಇದ್ದ ದಾರಿ ಅದು. ಊರು ಸ್ವಚ್ಛವಾಗಿರಲೆಂದು ಮನುಷ್ಯರ ತಲೆಯ ಮೇಲೆ ಹೇರಿದ್ದ ಆ ಹೊರೆಯನ್ನು 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಅಷ್ಟು ಹೊತ್ತಿಗೆ ಎಷ್ಟೋ ಹಿತ್ತಲುಗಳಲ್ಲಿ ಗುಂಡಿಗಳು ಬಂದಿದ್ದವು. ಅದೇ ಓಣಿಯ ಅಡಿಯಲ್ಲಿ ಒಳಚರಂಡಿಯ (ಯುಜಿಡಿ) ಪೈಪುಗಳೂ ಬಂದವು.

ಅದೇ ಹಿತ್ತಲಲ್ಲಿ ಬಾವಿಯೂ ಇತ್ತು. ಬಾವಿ ಬತ್ತಿದ ಮೇಲೆ ಅದರ ಪಕ್ಕದಲ್ಲೇ ಬೋರ್‌ವೆಲ್ ಕೊರೆಸಿದರು. ಕಕ್ಕಸು, ಗುಂಡಿ, ಯುಜಿಡಿ ಪೈಪು, ಬಾವಿ, ಬೋರ್‌ವೆಲ್ ಎಲ್ಲವೂ ನೂರಿಪ್ಪತ್ತು ವರ್ಷಗಳಲ್ಲಿ ಕೆಲವೇ ಅಡಿಗಳ ಅಂತರದಲ್ಲಿ ಒಂದರ ಪಕ್ಕ ಒಂದು ಬಂದಿವೆ. ಈ ನೆರೆಹೊರೆಯ ಗುರುತು ನೀರಿನಲ್ಲಿ ಉಳಿಯುವುದು ನೈಟ್ರೇಟ್ ರೂಪದಲ್ಲಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನೀರಿನಲ್ಲಿ ಇರುವಷ್ಟು ಪ್ರಮಾಣದಲ್ಲಿ ರುಚಿಯೂ ತಿಳಿಯದು. ಕಾಯಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾಗಿ ನೈಟ್ರೇಟ್ ಅಲ್ಲೇ ಉಳಿಯುವುದರಿಂದ ಕುದಿಸಿದಷ್ಟೂ ಅದು ಸಾಂದ್ರವಾಗುತ್ತದೆ.

"ನಮ್ಮ ಮನೆಗೆ ಯುಜಿಡಿ ಕನೆಕ್ಷನ್ ಇದೆ, ಸೆಪ್ಟಿಕ್ ಟ್ಯಾಂಕಿನ ಮಾತು ನಮಗೇಕೆ?" ಎಂಬುದು ಈ ಬಡಾವಣೆಗಳಲ್ಲಿ ಸಹಜವಾಗಿ ಏಳುವ ಪ್ರಶ್ನೆ. ನಗರದ ನಡುಭಾಗಕ್ಕೆ ಒಳಚರಂಡಿ ಬಂದದ್ದು 1920ರ ದಶಕದಿಂದ. 1964ರಲ್ಲಿ ಜಲಮಂಡಳಿ ಸ್ಥಾಪನೆಯಾದ ಮೇಲೆ ಜಾಲ ಹಿಗ್ಗಿತು. ಇಲ್ಲಿ ಬಳಕೆಯಲ್ಲಿರುವ ಸೆಪ್ಟಿಕ್ ಟ್ಯಾಂಕುಗಳು ವಿರಳ ಎಂಬುದು ನಿಜ. ಆದರೆ ಹಳೆಯ ಗುಂಡಿಗಳನ್ನು ಖಾಲಿ ಮಾಡಿ ಮುಚ್ಚಿದವರಿಗಿಂತ ಮೇಲೊಂದು ಚಪ್ಪಡಿ ಎಳೆದು ಮರೆತವರೇ ಹೆಚ್ಚು. ಎಷ್ಟೋ ಕಡೆ ಹಾಳುಬಾವಿಯೇ ಕೊಳಚೆಯ ಗುಂಡಿಯಾಯಿತು. ಮೇಲಾಗಿ, ಮಣ್ಣಿನ ದೃಷ್ಟಿಯಿಂದ ನೋಡಿದರೆ ಸೋರುವ ಚರಂಡಿಗೂ ಇಂಗುಗುಂಡಿಗೂ ವ್ಯತ್ಯಾಸವೇ ಇಲ್ಲ. ಹಳೆಯ ಜೇಡಿಮಣ್ಣಿನ ಪೈಪಿನ ಸಂದುಗಳು ಬಿಟ್ಟುಕೊಂಡರೆ, ಮರದ ಬೇರು ಒಳಗೆ ನುಗ್ಗಿದರೆ, ಇಟ್ಟಿಗೆಯ ಚೇಂಬರ್ ಬಿರಿದರೆ ಬೀದಿಯ ಉದ್ದಕ್ಕೂ ಕೊಳಚೆ ಇಂಗುತ್ತಲೇ ಇರುತ್ತದೆ. ಆದ್ದರಿಂದ ಹಳೆ ಬೆಂಗಳೂರಿನಲ್ಲಿ ಕೇಳಬೇಕಾದದ್ದು ಮನೆಯಲ್ಲಿ ಗುಂಡಿ ಇದೆಯೇ ಎಂದಲ್ಲ, ಸುತ್ತಮುತ್ತ ಕೊಳಚೆ ಎಲ್ಲಿ ನೆಲಕ್ಕಿಳಿಯುತ್ತಿದೆ ಎಂದು. ಅದನ್ನು ಸಾಮಾನ್ಯ ಮನೆಯವರೂ ದುಬಾರಿಯಲ್ಲದ ಪರೀಕ್ಷೆಗಳಿಂದ ಸಾಕಷ್ಟು ಮಟ್ಟಿಗೆ ಕಂಡುಕೊಳ್ಳಬಹುದು.

ಒಬ್ಬರ ಲೆಕ್ಕ, ಒಂದು ನಿವೇಶನದ ಲೆಕ್ಕ

ಒಬ್ಬ ಮನುಷ್ಯನ ದೇಹದಿಂದ ದಿನಕ್ಕೆ ಸುಮಾರು 11 ಗ್ರಾಂ ಸಾರಜನಕ ಹೊರಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಮೂತ್ರದ ಯೂರಿಯಾದಲ್ಲಿ ಇರುತ್ತದೆ. ಯೂರಿಯಾ ಬೇಗನೆ ಅಮೋನಿಯಾ ಆಗುತ್ತದೆ. ಗುಂಡಿಯೊಳಗೆ ಗಾಳಿ ಇಲ್ಲದ ಕಾರಣ ಅಲ್ಲಿ ಅದು ಅಮೋನಿಯಾ ಆಗಿಯೇ ಉಳಿಯುತ್ತದೆ. ಹೊರಬಂದು ಗಾಳಿಯಾಡುವ ಮಣ್ಣಿಗಿಳಿದಾಗ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಜೇಡಿಯ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಅಮೋನಿಯಂ ಧನ ಅಯಾನಾದ್ದರಿಂದ ಕಣಗಳಿಗೆ ಅಂಟಿಕೊಳ್ಳುತ್ತದೆ. ನೈಟ್ರೇಟ್ ತಾನೂ ಋಣವಾದ್ದರಿಂದ ಮಣ್ಣು ಅದನ್ನು ಹಿಡಿದಿಡದು. ನೀರು ಹೋದಲ್ಲಿಗೆ ಅದೂ ಹೋಗುತ್ತದೆ.

11 ಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆದರೆ ಸುಮಾರು 49 ಗ್ರಾಂ ಆಗುತ್ತದೆ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿಗೆ ನಿಗದಿ ಮಾಡಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೂ ಈ ಮಿತಿಯನ್ನು ಸಡಿಲಿಸುವಂತಿಲ್ಲ ಎಂದು ಮಾನಕ ಹೇಳುತ್ತದೆ. ಅಂದರೆ ಒಬ್ಬರ ಒಂದು ದಿನದ ಸಾರಜನಕ ಒಂದು ಸಾವಿರ ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಲು ಸಾಕು.

ಈ ಲೆಕ್ಕವನ್ನು ಬಸವನಗುಡಿಯ ಒಂದು 30×40 ನಿವೇಶನಕ್ಕೆ ಹಚ್ಚಿ ನೋಡಬಹುದು. ನಾಲ್ವರ ಸಂಸಾರದಿಂದ ವರ್ಷಕ್ಕೆ ಸುಮಾರು 16 ಕಿಲೋ ಸಾರಜನಕ, ನೈಟ್ರೇಟ್ ಲೆಕ್ಕದಲ್ಲಿ 71 ಕಿಲೋ. ಅದರಲ್ಲಿ ನೂರಕ್ಕೆ ಐದು ಭಾಗ ಮಾತ್ರ ಪೈಪಿನಿಂದ ಸೋರಿತು ಎಂದುಕೊಂಡರೂ ಮೂರೂವರೆ ಕಿಲೋ ಆಯಿತು. ಇದನ್ನು ಮಿತಿಯೊಳಗೆ ತರಲು ಸುಮಾರು 79 ಸಾವಿರ ಲೀಟರ್ ಶುದ್ಧ ನೀರು ಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಆ ನಿವೇಶನದ ಮೇಲೆ ಬೀಳುವುದು ಒಂದು ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು. ಹತ್ತನೇ ಒಂದು ಭಾಗ ಇಂಗಿದರೂ 11 ಸಾವಿರ ಲೀಟರ್ ದಾಟದು, ಸಿಮೆಂಟು ಹಾಸಿದ ಅಂಗಳದಲ್ಲಿ ಅಷ್ಟೂ ಇಲ್ಲ. ತೆಳುವಾಗಿಸಲು ಬೇಕಾದ ನೀರಿನ ಏಳನೇ ಒಂದು ಪಾಲನ್ನಷ್ಟೇ ಆಕಾಶ ಕೊಡುತ್ತದೆ. ಕೆಲವು ಹಳ್ಳಿಗಳಲ್ಲಿ ಗುಂಡಿ ಕಕ್ಕಸು ದೊಡ್ಡ ತೊಂದರೆ ಮಾಡದಿರಲು ಅಲ್ಲಿನ ವಿರಳ ಮನೆಗಳೂ ಬಯಲು ನೆಲವೂ ಕಾರಣ. ಒತ್ತೊತ್ತಾಗಿ ಮನೆಗಳಿರುವ ಪೇಟೆಯಲ್ಲಿ ಆ ಅನುಕೂಲ ಇಲ್ಲ.

ಮುಳಬಾಗಿಲು ಇದಕ್ಕೆ ಹತ್ತಿರದ ಸಾಕ್ಷಿ. ಗುಂಡಿ ಕಕ್ಕಸುಗಳು ಒತ್ತಾಗಿದ್ದ, ಕುಡಿಯಲು ಅಂತರ್ಜಲವನ್ನೇ ನೆಚ್ಚಿದ್ದ ಈ ಕೋಲಾರ ಜಿಲ್ಲೆಯ ಪಟ್ಟಣದಲ್ಲಿ ಅರ್ಘ್ಯಂ ಸಂಸ್ಥೆ ನೀರಿನ ಸಮಗ್ರ ನಿರ್ವಹಣೆಯ ಪ್ರಯೋಗ ನಡೆಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ರಾವ್, ಎಂ. ಶೇಖರ್ ಮತ್ತು ಸಂಗಡಿಗರು ಗುಂಡಿಗಳಿಂದ ಇಳಿಯುವ ರಸ ಅಲ್ಲಿನ ಅಂತರ್ಜಲವನ್ನು ಹೇಗೆ ಬದಲಿಸುತ್ತದೆ, ನೀರಿನ ಮಟ್ಟದ ಮೇಲಿನ ಒಣ ಮಣ್ಣು ನೈಟ್ರೇಟನ್ನೂ ಇ-ಕೋಲೈ ಬ್ಯಾಕ್ಟೀರಿಯಾವನ್ನೂ ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ಅಳೆದು 2013ರಲ್ಲಿ ಪ್ರಕಟಿಸಿದರು. ಅಲ್ಲಿನ ಬೋರ್‌ವೆಲ್‌ಗಳ ನೈಟ್ರೇಟಿಗೂ ಊರಿನ ಗುಂಡಿಗಳಿಗೂ ಇರುವ ನಂಟು ಇಂಥ ಅಳತೆಗಳಿಂದಲೇ ಸ್ಪಷ್ಟವಾಯಿತು. ರಾಜ್ಯದ ಚಿತ್ರವೂ ಸಮಾಧಾನಕರವಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ಗುಣಮಟ್ಟ ವರದಿಯ ಪ್ರಕಾರ ದೇಶದ ಮಾದರಿಗಳಲ್ಲಿ ಸುಮಾರು ಐದನೇ ಒಂದು ಭಾಗ ನೈಟ್ರೇಟ್ ಮಿತಿ ದಾಟಿದೆ. ಕರ್ನಾಟಕದಲ್ಲಿ ಆ ಪಾಲು ಹೆಚ್ಚುಕಡಿಮೆ ಅರ್ಧ. ರಾಜಸ್ಥಾನದ ಜೊತೆ ಪಟ್ಟಿಯ ತುದಿಯಲ್ಲಿದೆ ನಮ್ಮ ರಾಜ್ಯ. ಹೊಲಗಳ ಬಳಿ ರಸಗೊಬ್ಬರವನ್ನು ದೂರಬಹುದು. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೊಲವಿಲ್ಲ.

ಬಂಡೆಯ ಊರು

ಲಾಲ್‌ಬಾಗಿನ ಬಂಡೆಯ ಮೇಲೆ ನಿಂತರೆ ಬೆಂಗಳೂರಿನ ಅಡಿಪಾಯದ ಮೇಲೆಯೇ ನಿಂತಂತೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಈ ನೈಸ್ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬಸವನಗುಡಿಯ ಬ್ಯೂಗಲ್ ರಾಕ್ ಕೂಡ ಇದೇ ಕುಲದ್ದು. ಗಟ್ಟಿ ಬಂಡೆಯಲ್ಲಿ ನೀರು ನಿಲ್ಲದು. ನಿಲ್ಲುವುದು ಮೇಲಿನ ಕೆಂಪುಮಣ್ಣು ಮತ್ತು ಶಿಥಿಲ ಶಿಲೆಯ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಹಿಂದಿನ ಬಾವಿಗಳು ಮೇಲಿನ ಪದರದ ನೀರು ಕೊಟ್ಟವು, ಬೋರ್‌ವೆಲ್‌ಗಳು ಬಿರುಕುಗಳ ನೀರನ್ನು ಎಳೆಯುತ್ತವೆ. ಮಣ್ಣಿನ ಪದರ ಬ್ಯಾಕ್ಟೀರಿಯಾಗಳನ್ನು ಬಹುಪಾಲು ಸೋಸುತ್ತದೆ. ಬಿರುಕು ಸೋಸುವುದಿಲ್ಲ. ನೂರಾರು ಅಡಿ ಆಳದ ಬೋರ್ ಎಂಬ ಧೈರ್ಯ ಅದಕ್ಕೇ ಪೊಳ್ಳು. ಕೇಸಿಂಗ್ ಪೈಪ್ ಶಿಥಿಲ ಪದರವನ್ನು ದಾಟಿ ಗಟ್ಟಿ ಬಂಡೆಯಲ್ಲಿ ಕೂರದಿದ್ದರೆ, ಅದರ ಸುತ್ತಲಿನ ಸಂದಿಗೆ ಸಿಮೆಂಟ್ ತುಂಬದಿದ್ದರೆ, ಮೇಲಿನ ಕೊಳಚೆ ಪೈಪಿನ ಹೊರಮೈ ಹಿಡಿದು ನೇರ ಆಳಕ್ಕೆ ಇಳಿಯುತ್ತದೆ.

ನಗರದ ನಡುಭಾಗದ ಅಂತರ್ಜಲದ ಬಗ್ಗೆ ಇನ್ನೊಂದು ವಿಚಿತ್ರ ಸಂಗತಿ ಇದೆ. ಎಂ. ಶೇಖರ್ ಮತ್ತು ಸಂಗಡಿಗರು 2015ರ ಕೊನೆಯಿಂದ ನಗರದ ಉದ್ದಗಲಕ್ಕೂ ಬೋರ್‌ವೆಲ್‌ಗಳ ಮಟ್ಟ ಅಳೆದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊರವಲಯದಲ್ಲಿ ನೀರು ಪಾತಾಳಕ್ಕಿಳಿದಿದ್ದರೆ ಹಳೆಯ ನಡುನಗರದಲ್ಲಿ ಅದು ಮೇಲೇ ಇತ್ತು. ಕಾವೇರಿ ನೀರು ಇರುವಲ್ಲಿ ಬೋರ್ ಬಳಕೆ ಕಡಿಮೆ ಎಂಬುದು ಒಂದು ಕಾರಣ. ನೀರಿನ ಪೈಪು ಮತ್ತು ಒಳಚರಂಡಿಗಳ ಸೋರಿಕೆಯೇ ಅಂತರ್ಜಲವನ್ನು ತುಂಬುತ್ತಿದೆ ಎಂಬುದು ಇನ್ನೊಂದು. ಸೋರುವ ಕಾವೇರಿ ನೀರು ನೈಟ್ರೇಟನ್ನು ತೆಳುವಾಗಿಸುತ್ತದೆ, ಸೋರುವ ಕೊಳಚೆ ಅದನ್ನು ಸೇರಿಸುತ್ತದೆ. ಒಂದೇ ಬೀದಿಯ ಎರಡು ಬೋರ್‌ಗಳ ನಡುವೆ ಅಂಕಿ ಅಜಗಜಾಂತರ ಆಗುವುದು ಇದರಿಂದಲೇ. ಪಕ್ಕದ ಮನೆಯ ವರದಿಯನ್ನು ತಮ್ಮ ಮನೆಗೆ ಅನ್ವಯಿಸಿಕೊಳ್ಳುವುದು ಸರಿಯಲ್ಲ.

2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿದಾಗ ಎಷ್ಟೋ ಮನೆಯವರು ವರ್ಷಗಟ್ಟಲೆ ಮುಟ್ಟದಿದ್ದ ಹಿತ್ತಲ ಬೋರಿಗೆ ಮತ್ತೆ ಮೋಟಾರ್ ಇಳಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಆದರೂ ಬೋರ್ ನೀರು ಸಂಪಿಗೆ ಬೀಳುವುದು ಹಲವು ಮನೆಗಳಲ್ಲಿ ನಿಂತಿಲ್ಲ.

ಯಾರಿಗೆ ಅಪಾಯ

ಆರು ತಿಂಗಳೊಳಗಿನ ಹಸುಗೂಸಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ದೇಹದಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಅಮೆರಿಕದ ಅಯೋವಾದಲ್ಲಿ ಬಾವಿ ನೀರಿನಿಂದ ಕೂಸುಗಳಿಗೆ ಹೀಗಾಗುತ್ತಿರುವುದನ್ನು ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ವರದಿ ಮಾಡಿದರು. ಇಂದಿನ ಮಿತಿಗಳ ಬೇರು ಅಲ್ಲಿದೆ. ಎದೆಹಾಲು ಮಾತ್ರ ಕುಡಿಯುವ ಕೂಸಿಗೆ ಈ ಭಯವಿಲ್ಲ. ಪುಡಿಹಾಲು ಕಲಸಬೇಕಾದ ಮನೆಯಲ್ಲಿ ಪರೀಕ್ಷೆಯಾಗದ ಬೋರ್ ನೀರನ್ನು, ಎಷ್ಟೇ ಕುದಿಸಿದ್ದರೂ, ಬಳಸಲೇಬಾರದು. ಬಾಣಂತಿ ಮನೆಗೆ ಬಂದಾಗ ಮೊದಲು ವಿಚಾರಿಸಬೇಕಾದ ಸಂಗತಿಗಳಲ್ಲಿ ಇದೂ ಒಂದು. ಗರ್ಭಿಣಿಯರೂ ಎಚ್ಚರ ವಹಿಸಬೇಕು. ದೊಡ್ಡವರ ವಿಷಯದಲ್ಲಿ ಸಂಶೋಧನೆ ಮುಂದುವರಿದಿದೆ. ದೇಹದೊಳಗೆ ನೈಟ್ರೋಸೋ ಸಂಯುಕ್ತಗಳು ಉಂಟಾಗುವ ಸಂದರ್ಭದಲ್ಲಿ ಸೇವಿಸಿದ ನೈಟ್ರೇಟ್ ಬಹುಶಃ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ವರ್ಗೀಕರಿಸಿತು.

ಪರೀಕ್ಷೆಗೆ ಮುನ್ನ ಒಂದು ಸುತ್ತು

ಪ್ರಯೋಗಾಲಯಕ್ಕೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆಯುವುದು ಒಳ್ಳೆಯದು. ಬೋರ್‌ವೆಲ್ ಎಲ್ಲಿದೆ, ಸಂಪು ಎಲ್ಲಿದೆ, ಮನೆಯ ಚೇಂಬರುಗಳು ಎಲ್ಲಿವೆ, ಯುಜಿಡಿ ಮುಂದಿನ ರಸ್ತೆಯಲ್ಲಿದೆಯೋ ಹಿಂದಿನ ಕನ್ಸರ್ವೆನ್ಸಿಯಲ್ಲಿದೆಯೋ, ಹಳೆಯ ಗುಂಡಿ ಅಥವಾ ಬಾವಿ ಯಾವ ಮೂಲೆಯಲ್ಲಿತ್ತು, ಇವನ್ನೆಲ್ಲ ಗುರುತಿಸಬೇಕು. ಕೊನೆಯದನ್ನು ಮನೆಯ ಹಿರಿಯರೇ ಹೇಳಬಲ್ಲರು. ಅಜ್ಜಿಗೋ ದೊಡ್ಡಪ್ಪನಿಗೋ ನೆನಪಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮನೆ ಒಡೆದು ಮಹಡಿಗಳು ಎದ್ದ ಮೇಲೆ ಆ ಗುಂಡಿ ಕಾರು ನಿಲ್ಲಿಸುವ ಜಾಗದ ಕಾಂಕ್ರೀಟಿನಡಿ ಹೂತುಹೋಗಿರುತ್ತದೆ. ನೆಲದ ಇಳಿಜಾರನ್ನೂ ಬಾಣ ಹಾಕಿ ತೋರಿಸಬೇಕು. ಬ್ಯೂಗಲ್ ರಾಕ್ ಎತ್ತರದಲ್ಲಿದೆ, ಕೆಂಪಾಂಬುಧಿ ಕೆರೆ ತಗ್ಗಿನಲ್ಲಿದೆ. ಮೇಲಿನ ಪದರದ ನೀರು ಸಾಮಾನ್ಯವಾಗಿ ಇಳಿಜಾರನ್ನೇ ಅನುಸರಿಸುತ್ತದೆ. ಕೊಳಚೆಯ ಮೂಲ ಎತ್ತರದಲ್ಲಿ, ಬೋರ್ ತಗ್ಗಿನಲ್ಲಿ ಇದ್ದರೆ ಅನುಮಾನ ಬಲವಾಗುತ್ತದೆ. ಅಕ್ಕಪಕ್ಕದಲ್ಲಿ ಜೋರಾಗಿ ನೀರೆತ್ತುವ ಬೋರ್ ಇದ್ದರೆ ಮಾತ್ರ ಹರಿವಿನ ದಿಕ್ಕು ಅದರ ಕಡೆ ತಿರುಗಿರಬಹುದು.

ಬೋರ್‌ವೆಲ್‌ನ ಬಾಯಿಯನ್ನೂ ನೋಡಬೇಕು. ನೆಲದ ಮಟ್ಟಕ್ಕಿಂತ ಕೆಳಗೆ ಪುಟ್ಟ ಗುಂಡಿಯೊಳಗೆ ಕೇಸಿಂಗ್ ಕತ್ತರಿಸಿಟ್ಟಿದ್ದರೆ, ಚೇಂಬರ್ ಕಟ್ಟಿಕೊಂಡ ದಿನ ಉಕ್ಕಿದ ನೀರು ನೇರ ಬೋರಿಗೆ ಇಳಿಯುತ್ತದೆ. ಕೇಸಿಂಗನ್ನು ನೆಲದಿಂದ ಒಂದೆರಡು ಅಡಿ ಮೇಲೆತ್ತಿಸಿ, ಸುತ್ತ ಇಳಿಜಾರಾಗಿ ಸಿಮೆಂಟ್ ಹಾಕಿಸಿ, ಮುಚ್ಚಳ ಬಿಗಿ ಮಾಡಿಸುವುದು ಒಂದು ದಿನದ ಕೆಲಸ. ಪರೀಕ್ಷೆಯ ಫಲ ಏನೇ ಇರಲಿ, ಇದನ್ನು ಮಾಡಿಸಲೇಬೇಕು.

ಮಾದರಿ, ವರದಿ, ಓದು

ಸಂಪಿನಿಂದ ತೆಗೆದ ನೀರನ್ನು ಪರೀಕ್ಷೆಗೆ ಕೊಟ್ಟರೆ ಏನೂ ತಿಳಿಯದು, ಅದರಲ್ಲಿ ಕಾವೇರಿಯೂ ಟ್ಯಾಂಕರ್ ನೀರೂ ಬೆರೆತಿರುತ್ತವೆ. ಬೋರ್ ಮೋಟಾರನ್ನು ಹತ್ತು ನಿಮಿಷವಾದರೂ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ, ಸಂಪಿಗೆ ಬೀಳುವ ಮೊದಲೇ ಹಿಡಿಯಬೇಕು. ನೈಟ್ರೇಟಿಗೆ ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿದರೆ ಸಾಕು. ಇ-ಕೋಲೈ ಪರೀಕ್ಷೆಗೆ ಪ್ರಯೋಗಾಲಯ ಕೊಡುವ ಕ್ರಿಮಿರಹಿತ ಬಾಟಲಿಯೇ ಬೇಕು, ಅದನ್ನು ತೊಳೆಯಬಾರದು. ಎರಡನ್ನೂ ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಬೇಕು. ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಪ್ರಯೋಗಾಲಯಗಳು ನಗರದಲ್ಲಿ ಹಲವಿವೆ. ಬಣ್ಣ ಬದಲಿಸುವ ಪಟ್ಟಿಯ ಕಿಟ್‌ಗಳು ಮೊದಲ ಅಂದಾಜಿಗೆ ಸಾಕು. ಕೂಸಿರುವ ಮನೆಯವರು ಅದೊಂದನ್ನೇ ನಂಬಿ ಕೂರಬಾರದು.

ವರದಿ ಬಂದಾಗ ಮೊದಲು ನೋಡಬೇಕಾದದ್ದು ಅಂಕಿಯನ್ನಲ್ಲ, ಅದರ ಪಕ್ಕದ ಹೆಸರನ್ನು. ಕೆಲವು ಪ್ರಯೋಗಾಲಯಗಳು "ನೈಟ್ರೇಟ್" ಎಂದು ಕೊಡುತ್ತವೆ, ಕೆಲವು "ನೈಟ್ರೇಟ್ ನೈಟ್ರೋಜನ್" ಎಂದು. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. ನೈಟ್ರೇಟ್ ನೈಟ್ರೋಜನ್ 15 ಎಂದು ಬಂದ ವರದಿಯನ್ನು ನೋಡಿ, ಮಿತಿ 45 ತಾನೇ ಎಂದು ನಿಶ್ಚಿಂತರಾಗುವವರಿದ್ದಾರೆ. ಅದು ನಿಜಕ್ಕೂ 66.

ನೈಟ್ರೇಟ್ ಒಂದನ್ನೇ ಪರೀಕ್ಷಿಸಿದರೆ ಅದರ ಮೂಲ ಗೊತ್ತಾಗದು. ಜೊತೆಗೆ ಕ್ಲೋರೈಡ್, ಅಮೋನಿಯಾ, ಇ-ಕೋಲೈ ಮಾಡಿಸಬೇಕು. ನಾವು ತಿನ್ನುವ ಉಪ್ಪೆಲ್ಲ ಕೊನೆಗೆ ಕೊಳಚೆ ಸೇರುತ್ತದೆ. ಕ್ಲೋರೈಡ್ ಕೂಡ ನೈಟ್ರೇಟಿನಂತೆಯೇ ಮಣ್ಣಿಗೆ ಸಿಕ್ಕದೆ ಹರಿದುಹೋಗುತ್ತದೆ. ಹೋಲಿಸಲು ಅದೇ ದಿನ ನಲ್ಲಿಯ ಕಾವೇರಿ ನೀರಿನ ಮಾದರಿಯನ್ನೂ ಕೊಡಬೇಕು. ಬೋರ್ ನೀರಿನಲ್ಲಿ ಕ್ಲೋರೈಡ್ ಕಾವೇರಿಗಿಂತ ಬಹಳ ಹೆಚ್ಚಿದ್ದು ನೈಟ್ರೇಟೂ ಹೆಚ್ಚಿದ್ದರೆ ಕೊಳಚೆಯ ಕೈವಾಡ ಬಹುಮಟ್ಟಿಗೆ ಖಚಿತ. ಇ-ಕೋಲೈ ಕೂಡ ಕಂಡರೆ ಸೋರಿಕೆ ಹತ್ತಿರದಲ್ಲಿದೆ, ಹೊಸದು, ಮಣ್ಣಿನಲ್ಲಿ ಸೋಸದೆ ಬಂದಿದೆ ಎಂದರ್ಥ. ಕೇಸಿಂಗ್ ಸಂದಿಯನ್ನೋ ಪಕ್ಕದ ಚೇಂಬರನ್ನೋ ಅನುಮಾನಿಸಬೇಕು. ಇ-ಕೋಲೈ ಇಲ್ಲದೆ ಎರಡೂ ಲವಣಗಳು ಹೆಚ್ಚಿದ್ದರೆ ಅದು ಬೀದಿಯಷ್ಟು ಅಗಲದ, ದಶಕಗಳಷ್ಟು ಹಳೆಯ ಇಂಗುವಿಕೆಯ ಫಲವಾಗಿರಬಹುದು. ಕ್ಲೋರೈಡ್ ಕಡಿಮೆ ಇದ್ದು ನೈಟ್ರೇಟ್ ಮಾತ್ರ ಏರಿದ್ದರೆ ಕೈತೋಟದ ಯೂರಿಯಾವನ್ನು ನೆನೆಯಬಹುದು. ಅಪಾರ್ಟ್‌ಮೆಂಟಿನ ಪಕ್ಕದವರಿಗೆ ಒಂದು ಎಚ್ಚರಿಕೆ. ಸಾಫ್ಟ್‌ನರ್ ತೊಳೆದ ಉಪ್ಪುನೀರು ನೆಲಕ್ಕಿಳಿದರೂ ಕ್ಲೋರೈಡ್ ಏರುತ್ತದೆ.

ಅಮೋನಿಯಾ ಪರೀಕ್ಷೆಯನ್ನು ಬಿಡಬಾರದು. ಕೊಳಚೆ ಧಾರಾಳವಾಗಿ ಸೋರುವ ಜಾಗದಲ್ಲಿ ಮಣ್ಣಿನೊಳಗೆ ಗಾಳಿಯೇ ಉಳಿಯುವುದಿಲ್ಲ, ಅಲ್ಲಿ ಸಾರಜನಕ ನೈಟ್ರೇಟ್ ಆಗದೆ ಅಮೋನಿಯಾ ಆಗಿಯೇ ಇರುತ್ತದೆ. ನೈಟ್ರೇಟ್ 5 ಎಂದು ವರದಿ ಬರಬಹುದು, ನೀರು ಮಾತ್ರ ಅತ್ಯಂತ ಕಲುಷಿತವಾಗಿರಬಹುದು. ಐಎಸ್ 10500ರಲ್ಲಿ ಅಮೋನಿಯಾದ ಮಿತಿ ಲೀಟರಿಗೆ 0.5 ಮಿಲಿಗ್ರಾಂ. ಕಡಿಮೆ ನೈಟ್ರೇಟ್ ಒಂದೇ ಆಧಾರದ ಮೇಲೆ ನೀರಿಗೆ ಒಳ್ಳೆಯ ಸರ್ಟಿಫಿಕೇಟ್ ಕೊಡುವುದು ಈ ವಿಷಯದಲ್ಲಿ ನಡೆಯುವ ದೊಡ್ಡ ಪ್ರಮಾದ.

ಒಂದೇ ಸಲದ ಪರೀಕ್ಷೆ ಸಾಲದು. ಏಪ್ರಿಲ್ ಕೊನೆಯಲ್ಲಿ, ಮುಂಗಾರಿಗೆ ಮೊದಲು ಒಮ್ಮೆ, ಸೆಪ್ಟೆಂಬರಿನ ಜೋರು ಮಳೆಗಳು ಮುಗಿದ ಮೇಲೆ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಮತ್ತೊಮ್ಮೆ ಮಾಡಿಸಬೇಕು. ಮಳೆಯ ನಂತರ ನೈಟ್ರೇಟ್ ಇಳಿದರೆ ಮಳೆ ಅದನ್ನು ತೆಳುವಾಗಿಸುತ್ತಿದೆ. ಏರಿದರೆ ಮೇಲಿನ ಮಣ್ಣಿನಲ್ಲಿ ಕೂಡಿದ್ದ ದಾಸ್ತಾನನ್ನು ಮಳೆ ಕೆಳಗೆ ತೊಳೆಯುತ್ತಿದೆ, ಅಥವಾ ಉಕ್ಕುವ ಚರಂಡಿ ನೆಲಕ್ಕಿಳಿಯುತ್ತಿದೆ.

ವಿಜ್ಞಾನಿಗಳ ಬಳಿ ಇನ್ನೂ ಸೂಕ್ಷ್ಮ ಉಪಾಯವಿದೆ. ಸಾರಜನಕದಲ್ಲಿ 14 ಮತ್ತು 15 ತೂಕದ ಎರಡು ಬಗೆಯ ಪರಮಾಣುಗಳಿವೆ. ಮಲಮೂತ್ರದಿಂದ ಬಂದ ನೈಟ್ರೇಟಿನಲ್ಲಿ ಭಾರದ ಪರಮಾಣುವಿನ ಪಾಲು ರಸಗೊಬ್ಬರದಿಂದ ಬಂದದ್ದಕ್ಕಿಂತ ತುಸು ಹೆಚ್ಚು. ಇದು ಮನೆಯವರು ಮಾಡಿಸುವ ಪರೀಕ್ಷೆಯಲ್ಲ. ಮೂಲದ ಬಗ್ಗೆ ವಿವಾದ ಎದ್ದಾಗ ಅಥವಾ ಇಡೀ ಬಡಾವಣೆಯ ಅಧ್ಯಯನ ನಡೆದಾಗ ಕೇಳಬಹುದಾದದ್ದು.

ಮಣ್ಣನ್ನು ಕೇಳುವುದು ಹೇಗೆ? ಹಳೆಯ ಗುಂಡಿಯ ಜಾಗದ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಆಗರ್‌ನಿಂದ ಕೊರೆದು ಪ್ರತಿ ಒಂದು ಅಡಿಗೆ ಒಂದು ಮುಷ್ಟಿ ಮಣ್ಣು ತೆಗೆಯಬೇಕು. ಗುಂಡಿಯಿಂದ ದೂರವಿರುವ, ಎತ್ತರದ ಕಡೆಯ ಒಂದು ಜಾಗದಲ್ಲೂ ಅದೇ ಆಳಗಳ ಮಾದರಿ ತೆಗೆಯಬೇಕು. ಹೋಲಿಕೆಗೆ ಜೋಡಿ ಇಲ್ಲದ ಮಣ್ಣಿನ ಅಂಕಿಗೆ ಬೆಲೆಯಿಲ್ಲ. ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳು ಚೀಲದಲ್ಲೂ ಕೆಲಸ ನಿಲ್ಲಿಸವು, ಆದ್ದರಿಂದ ಮಾದರಿಯನ್ನು ತಣ್ಣಗಿಟ್ಟು ಬೇಗ ತಲುಪಿಸಬೇಕು. ಗುಂಡಿಯ ಕಡೆಯ ಮಣ್ಣಿನಲ್ಲಿ ಆಳಕ್ಕೆ ಹೋದಂತೆ ನೈಟ್ರೇಟ್ ಏರುತ್ತ ಹೋದರೆ, ದೂರದ ಮಣ್ಣಿನಲ್ಲಿ ಹಾಗಾಗದಿದ್ದರೆ, ಗುಂಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅದರ ಬಾಕಿ ಇನ್ನೂ ಇಳಿಯುತ್ತಿದೆ ಎಂದರ್ಥ.

ಅಂಕಿ ಮಿತಿ ದಾಟಿದ್ದರೆ

ಮೊದಲ ಕೆಲಸ, ಆ ನೀರನ್ನು ಕುಡಿಯಲು ಮತ್ತು ಅಡುಗೆಗೆ ನಿಲ್ಲಿಸುವುದು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ನೈಟ್ರೇಟ್ ತೊಡಕಲ್ಲ. ಇ-ಕೋಲೈ ಇದ್ದರೆ ಮಾತ್ರ ಪಾತ್ರೆಗೂ ಬೇಡ. ಕ್ಯಾಂಡಲ್ ಫಿಲ್ಟರ್, ಯುವಿ, ಕಾರ್ಬನ್ ಇವು ಯಾವುವೂ ನೈಟ್ರೇಟನ್ನು ತೆಗೆಯುವುದಿಲ್ಲ. ಆರ್‌ಓ ತೆಗೆಯುತ್ತದೆ, ಪೊರೆ ಹಳತಾದಂತೆ ಕಡಿಮೆ ತೆಗೆಯುತ್ತದೆ. ಆದ್ದರಿಂದ ಆರ್‌ಓ ಇಂದ ಹೊರಬಂದ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಸಂಪಿನಲ್ಲಿ ಕಾವೇರಿ ನೀರು ಬೆರೆಸುವುದೂ ಒಂದು ದಾರಿ. 80 ಇರುವ ಬೋರ್ ನೀರಿಗೆ 5 ಇರುವ ಕಾವೇರಿ ನೀರು ಸಮಪಾಲು ಬೆರೆತರೆ 42.5 ಆಗುತ್ತದೆ, ಕಾಗದದ ಮೇಲೆ ಮಿತಿಯೊಳಗೆ ಬಂತು. ಆದರೆ ಕಾವೇರಿ ಬಾರದ ದಿನ ಸಂಪಿನಲ್ಲಿರುವುದು 80ರ ನೀರೇ. ಕೂಸಿರುವ ಮನೆಯಲ್ಲಿ ಈ ಲೆಕ್ಕವನ್ನು ನೆಚ್ಚಬಾರದು.

ಆರ್‌ಓ ಹಾಕಿಸಿ ವಿಷಯ ಮರೆಯುವುದು ಸುಲಭ. ಅಷ್ಟಕ್ಕೇ ನಿಂತರೆ ಮೂಲ ಹಾಗೇ ಉಳಿಯುತ್ತದೆ, ಪಕ್ಕದ ವಠಾರದಲ್ಲಿ ಆರ್‌ಓ ಇಲ್ಲದವರು ಅದೇ ನೀರನ್ನು ಕುಡಿಯುತ್ತಿರುತ್ತಾರೆ. ಮನೆಯ ಚರಂಡಿ ಸೋರುತ್ತಿದೆಯೇ ಎಂದು ತಿಳಿಯಲು ಪ್ಲಂಬರ್ ಒಬ್ಬ ಸಾಕು. ಕೊನೆಯ ಚೇಂಬರಿನ ಹೊರಬಾಯಿಗೆ ಬಿರಡೆ ಕೊಟ್ಟು, ಸಾಲನ್ನು ನೀರಿನಿಂದ ತುಂಬಿ, ಮಟ್ಟ ಗುರುತು ಹಾಕಿ ಒಂದು ಗಂಟೆ ಕಾಯಬೇಕು. ಮಟ್ಟ ಇಳಿದರೆ ಸೋರಿಕೆ ಇದೆ. ಹಳೆಯ ಪೈಪಿಗೆ ಬದಲಾಗಿ ಪಿವಿಸಿ ಹಾಕಿಸಿ, ಚೇಂಬರಿನ ಒಳಗೋಡೆಗೆ ಗಾರೆ ಮಾಡಿಸಬೇಕು.

ಮರೆತ ಗುಂಡಿ ಸಿಕ್ಕರೆ ಯಂತ್ರದ ಲಾರಿ ಕರೆಸಿಯೇ ಖಾಲಿ ಮಾಡಿಸಬೇಕು. ಯಾರನ್ನೂ, ಯಾವ ಕಾರಣಕ್ಕೂ ಒಳಗೆ ಇಳಿಸಬಾರದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಅದನ್ನು ಅಪರಾಧವೆಂದು ಸಾರಿದೆ, ಗುಂಡಿಯ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣಗಳಲ್ಲಿ ಜೀವ ತೆಗೆಯಬಲ್ಲದು. ಖಾಲಿಯಾದ ಮೇಲೆ ಸುಣ್ಣ ಹಾಕಿ, ಮಣ್ಣು ತುಂಬಿ ದಮ್ಮಸ್ಸು ಮಾಡಿಸಬೇಕು. ಲಾರಿಯವರು ಹೂಳನ್ನು ಎಲ್ಲಿ ಸುರಿಯುತ್ತಾರೆ ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ. ರಾಜಕಾಲುವೆಗೆ ಸುರಿದರೆ ಅದು ವೃಷಭಾವತಿ ಸೇರುತ್ತದೆ. ಶಾಸ್ತ್ರೀಯವಾಗಿ ಸಂಸ್ಕರಿಸುವುದೂ ಸಾಧ್ಯ. ದೇವನಹಳ್ಳಿಯಲ್ಲಿ 2015ರಿಂದ ಮಲದ ಹೂಳನ್ನು ಸಂಸ್ಕರಿಸುವ ಘಟಕ ಇದೆ.

ಮಳೆನೀರು ಇಂಗಿಸುವುದು ನೈಟ್ರೇಟನ್ನು ತೆಳುವಾಗಿಸುವ ಬಲವಾದ ಉಪಾಯ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದ, ಹಳೆಯ ಮನೆಯಾದರೆ 60×40, ಹೊಸ ಮನೆಯಾದರೆ 30×40 ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿ ಮಳೆಕೊಯ್ಲು ಕಡ್ಡಾಯ. ಬಯೋಮ್ ಸಂಸ್ಥೆಯ ಹತ್ತು ಲಕ್ಷ ಬಾವಿಗಳ ಅಭಿಯಾನದಿಂದ ಮಣ್ಣು ವಡ್ಡರ ಬಾವಿ ತೋಡುವ ಕೈಗಳಿಗೆ ಮತ್ತೆ ಕೆಲಸ ಸಿಕ್ಕಿದೆ, ಕಬ್ಬನ್ ಪಾರ್ಕಿನ ಹಳೆಯ ಬಾವಿಗಳು ಮತ್ತೆ ನೀರು ಕಂಡಿವೆ. ಹಳೆಯ ಬಡಾವಣೆಯಲ್ಲಿ ಜಾಗದ ಆಯ್ಕೆಯೇ ಮುಖ್ಯ. ಕನ್ಸರ್ವೆನ್ಸಿಯ ಯುಜಿಡಿ ಪಕ್ಕ ಇಂಗುಬಾವಿ ತೋಡಿದರೆ ಸೋರಿದ ಕೊಳಚೆಗೆ ತಾನಾಗಿ ಬಾಗಿಲು ತೆರೆದುಕೊಟ್ಟಂತೆ. ಚರಂಡಿಯಿಂದ ದೂರದ ಮೂಲೆಯಲ್ಲಿ ತೋಡಿ, ಚಾವಣಿಯ ನೀರನ್ನು ಮಾತ್ರ ಬಿಡಬೇಕು. ಅಂಗಳ ತೊಳೆದ ನೀರು ಬೇಡ. ವಿನ್ಯಾಸ ಕಣ್ಣಾರೆ ನೋಡಬೇಕಾದವರಿಗೆ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ.

ಊರ ಹೊರಗೆ ಸೈಟು ಕೊಂಡು, ಯುಜಿಡಿ ಇಲ್ಲದ ಕಡೆ ಮನೆ ಕಟ್ಟುವ ಬಸವನಗುಡಿಯವರೂ ಮಲ್ಲೇಶ್ವರದವರೂ ಬಹಳ. ಅವರಿಗೆ ಸೆಪ್ಟಿಕ್ ಟ್ಯಾಂಕಿನ ಮಾನಕ ಐಎಸ್ 2470 ಅಳತೆಗೋಲು. ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರವಿರಬೇಕು. ಪಕ್ಕದ ಸೈಟಿನವರ ಬೋರ್ ಕೂಡ ಈ 18 ಮೀಟರಿನ ಲೆಕ್ಕಕ್ಕೆ ಸೇರಬೇಕು. ಇಂಗುವ ವೇಗ ತಿಳಿಯಲು ಉದ್ದೇಶಿತ ಆಳಕ್ಕೆ ಸಣ್ಣ ಕುಣಿ ತೋಡಿ, ರಾತ್ರಿಯಿಡೀ ನೀರು ನೆನೆಸಿ, ಮರುದಿನ ನೀರು 25 ಮಿಲಿಮೀಟರ್ ಇಳಿಯಲು ಹಿಡಿಯುವ ನಿಮಿಷಗಳನ್ನು ಎಣಿಸುತ್ತಾರೆ. ಬಹಳ ನಿಧಾನವಾದರೆ ಕೊಳಚೆ ಮೇಲೇ ನಿಲ್ಲುತ್ತದೆ, ಬಹಳ ಬೇಗವಾದರೆ ಸೋಸದೆ ಇಳಿಯುತ್ತದೆ. ಸೆಪ್ಟಿಕ್ ಟ್ಯಾಂಕ್ ಗಟ್ಟಿ ಹೂಳನ್ನು ಹಿಡಿಯುತ್ತದೆಯೇ ಹೊರತು ಸಾರಜನಕವನ್ನಲ್ಲ ಎಂಬುದನ್ನು ಮೇಸ್ತ್ರಿಯೂ ಮನೆಯವರೂ ನೆನಪಿಡಬೇಕು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನ ಸಫೊಲ್ಕ್ ಕೌಂಟಿಯಲ್ಲಿ ಲಕ್ಷಗಟ್ಟಲೆ ಮನೆಗಳ ಸೆಪ್ಟಿಕ್ ಮತ್ತು ಇಂಗುಗುಂಡಿಗಳು ಕುಡಿಯುವ ಅಂತರ್ಜಲವನ್ನೂ ಕೊಲ್ಲಿಗಳನ್ನೂ ಕೆಡಿಸಿದವು. ಈಗ ಅಲ್ಲಿ ಸಾರಜನಕ ತೆಗೆಯುವ ಹೊಸ ವ್ಯವಸ್ಥೆಗಳಿಗೆ ಸಹಾಯಧನ ಕೊಡುತ್ತಿದ್ದಾರೆ.

ಹಳೆಯ ಬಡಾವಣೆಯಲ್ಲಿ ಒಂದು ಮನೆಯ ವರದಿಗಿಂತ ಒಂದು ಬೀದಿಯ ವರದಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿವಾಸಿಗಳ ಸಂಘ ಹತ್ತು ಬೋರ್‌ಗಳ ನೀರನ್ನು ಒಂದೇ ದಿನ, ಒಂದೇ ಪ್ರಯೋಗಾಲಯಕ್ಕೆ ಕೊಟ್ಟು, ನೈಟ್ರೇಟ್, ಕ್ಲೋರೈಡ್, ಅಮೋನಿಯಾಗಳನ್ನು ಬೀದಿಯ ನಕ್ಷೆಯ ಮೇಲೆ ಬರೆದರೆ, ಅಂಕಿ ದಿಢೀರನೆ ಏರುವ ಎರಡು ಚೇಂಬರುಗಳ ನಡುವಿನ ಜಾಗ ತಾನೇ ಕಾಣುತ್ತದೆ. ಜಲಮಂಡಳಿಯ ಸಹಾಯವಾಣಿ 1916ಕ್ಕೆ ದೂರು ಕೊಡುವಾಗ "ನೀರು ಸರಿಯಿಲ್ಲ" ಎನ್ನುವುದಕ್ಕಿಂತ ಆ ನಕ್ಷೆಯ ಪ್ರತಿಯೊಂದನ್ನು ವಿಭಾಗದ ಎಂಜಿನಿಯರ್‌ಗೆ ಕೊಟ್ಟು, ಇಂಥ ಚೇಂಬರಿನಿಂದ ಇಂಥ ಚೇಂಬರಿನವರೆಗಿನ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿ ಎಂದು ಬರವಣಿಗೆಯಲ್ಲಿ ಕೇಳುವುದು ಫಲ ಕೊಡುವ ದಾರಿ. ಪೈಪು ಬದಲಾದ ಮೇಲೂ ಮಣ್ಣಿನಲ್ಲಿ ಉಳಿದದ್ದು ಕೆಲವು ಮಳೆಗಾಲ ಇಳಿಯುತ್ತಲೇ ಇರುತ್ತದೆ. ಅದೇ ಹತ್ತು ಬೋರ್‌ಗಳನ್ನು ಪ್ರತಿ ವರ್ಷ ಏಪ್ರಿಲ್ ಮತ್ತು ನವೆಂಬರಿನಲ್ಲಿ ಪರೀಕ್ಷಿಸಿ, ಅಂಕಿಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಡುವ ಹೊಣೆಯನ್ನು ಸಂಘದಲ್ಲಿ ಒಬ್ಬರಿಗೆ ಹೆಸರು ಹಿಡಿದು ವಹಿಸಬೇಕು.